ತಲೆಕೆಳಗಾದ ಎಂಜಿನ್, ಹಿಂದಕ್ಕೆ ಸರಿಯುವ ಗಾಜು

ನಮ್ಮ ಮನೆಯ ಮಿಕ್ಸರಿನಲ್ಲಿ ಶೇಂಗಾ ಚಟ್ನಿಪುಡಿ ತಿರುಗುವಾಗ ಅದರ ದನಿ ತುಸು ಬದಲಾದರೂ ಸಾಕು, ಓದುತ್ತಿದ್ದ ಪತ್ರಿಕೆಯಿಂದ ನಾನು ತಲೆಯೆತ್ತುತ್ತೇನೆ. ‘ಬೇರಿಂಗ್ ಹೋಗಾಕತ್ತೈತಿ’ ಎನ್ನುತ್ತೇನೆ. ‘ಹೋದಾಗ ನೋಡೂಣಂತ, ಈಗ ಸುಮ್ಮನ ಕೂಡ್ರಿ’ ಎನ್ನುತ್ತಾಳೆ ಹೆಂಡತಿ. ಹದಿನೈದು ದಿನಕ್ಕೆ ಬೇರಿಂಗ್ ಹೋಗಿಯೇ ಬಿಡುತ್ತದೆ, ಮತ್ತು ಆ ದಿನ ನಾವಿಬ್ಬರೂ ಆ ವಿಷಯ ಮಾತಾಡುವುದಿಲ್ಲ. ದೀರ್ಘ ದಾಂಪತ್ಯ ಉಳಿದುಕೊಂಡು ಬರುವುದು ಇಂಥ ಸೌಜನ್ಯಗಳ ಮೇಲೆ. ಆದರೆ ಗೆಳೆಯರೇ, ಈ ಕಿವಿ ನನಗೆ ಹುಟ್ಟುತ್ತಲೇ ಬಂದದ್ದಲ್ಲ. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಕಬ್ಬಿಣ ತಿಕ್ಕುವುದನ್ನು ಕಲಿಸುತ್ತ ಆಯುಷ್ಯದ ಅರ್ಧ ಕಳೆದ ನನಗೆ, ಯಂತ್ರವೂ ಮಾತಾಡುತ್ತದೆಂದು ತಿಳಿದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಎರಡು ಹಳೆಯ ವಿಮಾನಗಳು ಲಾರಿಯ ಮೇಲೆ ಬಂದು ನಮ್ಮ ಶೆಡ್ಡಿನ ಮುಂದೆ ಇಳಿದಾಗ.

ಬೇರೆ ಊರಿನ ಹಾರಾಟದ ಕ್ಲಬ್ಬೊಂದು ಬಾಗಿಲು ಮುಚ್ಚಿತ್ತು. ಅಲ್ಲಿ ಮೂಲೆಗುಂಪಾಗಿ ಬಿದ್ದಿದ್ದ ಈ ಎರಡನ್ನು ಹುಡುಗರ ಕಲಿಕೆಗೆಂದು ನಮ್ಮ ಕಾಲೇಜಿಗೆ ಕೊಟ್ಟಿದ್ದರು. ಎರಡೂ ಇಬ್ಬರೇ ಕೂಡುವ ಸಣ್ಣ ವಿಮಾನಗಳು. ರೆಕ್ಕೆ ಬಿಚ್ಚಿ ಪಕ್ಕಕ್ಕೆ ಕಟ್ಟಿದ್ದರಿಂದ ಲಾರಿಯ ಮೇಲೆ ಅವು ತೋಳಿಲ್ಲದ ಅಂಗಿಗಳಂತೆ ಕಾಣುತ್ತಿದ್ದವು. ಒಂದು ಬೆಳ್ಳಿಯ ಬಣ್ಣದ್ದು, ಮೈಯೆಲ್ಲ ತಗಡು, ಉದ್ದ ಮೂತಿ. ಇನ್ನೊಂದು ಹಳದಿ, ಉಕ್ಕಿನ ಕೊಳವೆಯ ಹಂದರದ ಮೇಲೆ ಅರಿವೆ ಬಿಗಿದದ್ದು, ಮೊಂಡು ಮೂತಿ. ಪ್ರಿನ್ಸಿಪಾಲರು ಎರಡನ್ನೂ ಸುತ್ತಿ ನೋಡಿ, ಶೆಡ್ಡನ್ನೂ ಅಳೆದು ನೋಡಿ, ಒಂದು ತೀರ್ಮಾನಕ್ಕೆ ಬಂದರು. ಒಂದು ವಿಮಾನ ಇಡಿಯಾಗಿ ಉಳಿಯಬೇಕು, ಅದರ ಎಂಜಿನ್ ನಡೆಯಬೇಕು. ಇನ್ನೊಂದನ್ನು ಉದ್ದಕ್ಕೆ ಸೀಳಿ, ಹೊಟ್ಟೆಯೊಳಗಿನದೆಲ್ಲ ಹುಡುಗರಿಗೆ ಕಾಣುವಂತೆ ಇಡಬೇಕು. ಯಾವುದು ಉಳಿಯಬೇಕು, ಯಾವುದು ಗರಗಸಕ್ಕೆ ಹೋಗಬೇಕೆಂದು ಎರಡನ್ನೂ ಹೋಲಿಸಿ ನಾನು ವರದಿ ಬರೆಯಬೇಕು.

ವಿಮಾನವನ್ನು ಅಲ್ಲಿಯವರೆಗೆ ನಾನು ಕತ್ತೆತ್ತಿ ಮಾತ್ರ ನೋಡಿದವನು. ಹೀಗಾಗಿ ಗಬ್ಬೂರಿನ ಬೈಪಾಸ್ ಹತ್ತಿರ ಲಾರಿ ಎಂಜಿನ್ನುಗಳ ಗ್ಯಾರೇಜು ಇಟ್ಟಿದ್ದ ದಸ್ತಗೀರಸಾಬರನ್ನು ಕರೆತಂದೆ. ಅರವತ್ತರ ಹತ್ತಿರದ ಮನುಷ್ಯ, ತೆಳ್ಳಗಿನ ಮೈ, ಗ್ರೀಸು ಅಂಟಿದರೂ ಅಂಟದಂತೆ ಕಾಣುವ ಬಿಳಿ ಗಡ್ಡ. ಕೆಟ್ಟ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಅದರ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆಂದರೆ ಒಳಗಿನ ರೋಗ ಇಂಥದೇ ಎಂದು ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಾದದ್ದನ್ನು ನಾನು ಕಂಡಿಲ್ಲ.

ಮೊದಲು ಹಳದಿಯ ಮೂತಿ ತೆರೆದರು. ನಾಲ್ಕು ಸಿಲಿಂಡರು, ಎಡಕ್ಕೆ ಎರಡು, ಬಲಕ್ಕೆ ಎರಡು, ಎದುರುಬದುರು ಮಲಗಿದ್ದವು. ದಸ್ತಗೀರಸಾಬರು ಮೂತಿಯ ತುದಿಯ ಪಂಖವನ್ನು ಕೈಯಿಂದ ಮೆಲ್ಲಗೆ ತಿರುವಿದರು. “ಛಲೋ ಐತ್ರಿ ಮಾಸ್ತರ್ರ. ಈ ಕಡೆಯಂವ ಗುದ್ದಿದರ ಆ ಕಡೆಯಂವ ತಡೀತಾನ. ಒಬ್ಬರ ಸಿಟ್ಟು ಒಬ್ಬರು ನುಂಗ್ತಾರ. ಇದು ಮನಿ ನಡಸೂ ಎಂಜಿನ್ರಿ” ಎಂದರು.

ಬೆಳ್ಳಿಯದರ ಮೂತಿ ತೆರೆದಾಗ ಮಾತ್ರ ಅವರು ಬಗ್ಗಿ ಕೆಳಗಿನಿಂದಲೂ ನೋಡಿದರು. ಅದರಲ್ಲಿಯೂ ನಾಲ್ಕು ಸಿಲಿಂಡರು, ಆದರೆ ಒಂದರ ಹಿಂದೊಂದು ಸಾಲಾಗಿ, ಮತ್ತು ಎಲ್ಲವೂ ತಲೆಕೆಳಗಾಗಿ ಮರದಲ್ಲಿ ಬಾವಲಿ ಜೋತುಬಿದ್ದಂತೆ. “ಎಂಜಿನ್ನ ಉಲ್ಟಾ ಇಟ್ಟಾರಲ್ರಿ. ಎಣ್ಣಿ ಎಲ್ಲಾ ತಲಿಗೆ ಇಳೀತೈತಿ. ಚಾಲೂ ಮಾಡೂ ಮೊದಲ ಪಂಖಾ ಕೈಲೆ ತಿರುವಿ ಆ ಎಣ್ಣಿ ಹೊರಗ ಹಾಕಬೇಕು, ಇಲ್ಲಂದ್ರ ಒಳಗಿನ ರಾಡ್ ಬಾಗತಾವ. ಇಷ್ಟೆಲ್ಲಾ ತ್ರಾಸ ಯಾಕ ಮಾಡ್ಕೊಂಡಾರ?”

ಯಾಕೆಂದು ನನಗೂ ತಿಳಿಯಲಿಲ್ಲ. ತಿಳಿಸಿದವರು ಸುಮಿತ್ರಾಬಾಯಿ.

ಅವರು ಧಾರವಾಡದಲ್ಲಿ ನಮ್ಮ ಓಣಿಯವರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಆ ವರ್ಷವೇ ನಿವೃತ್ತರಾಗಿದ್ದರು. ನನ್ನ ಮಗಳಿಗೂ ಕಲಿಸಿದವರು; ಅವರೆಂದರೆ ಅವಳು ಹೆದರುತ್ತಿದ್ದಳು, ಮತ್ತು ಈಗಲೂ ಲೆಕ್ಕ ತಪ್ಪುವುದಿಲ್ಲ. ಮುಂಜಾನೆ ಕೆಲಗೇರಿ ಕೆರೆಯ ದಂಡೆಯ ಮೇಲೆ ಅವರು ತಿರುಗಾಡಲು ಬರುವರು, ನಾನೂ ಹೋಗುವೆ. ಒಂದು ದಿನ ಮಾತಿಗೆ ಮಾತೆಂದು ವಿಮಾನಗಳ ವಿಷಯ ಹೇಳಿದೆ. ಒಂದರ ಸೀಟುಗಳು ಮುಂದೊಂದು ಹಿಂದೊಂದು, ತಲೆಯ ಮೇಲೆ ಗಾಜಿನ ಗೂಡು ಎಂದೆ. ಅವರು ನಡೆಯುತ್ತಿದ್ದವರು ನಿಂತರು.

“ಆ ಗಾಜು ಹೆಂಗ ತೆಗೀತದ? ಬದಿಗೆ ಏಳತದೋ, ಹಿಂದಕ್ಕ ಸರೀತದೋ?”

“ಹಿಂದಕ್ಕ ಸರೀತೈತ್ರಿ ಅಕ್ಕೋರ.”

“ನಾ ಒಂದು ಸಲ ನೋಡಬಹುದೇನು?”

ಮರುದಿನ ಇಬ್ಬರೂ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಶೆಡ್ಡಿನೊಳಗೆ ಬಂದವರೇ ಸೀದಾ ಬೆಳ್ಳಿಯ ವಿಮಾನದ ಬಳಿ ಹೋಗಿ, ಸೀರೆಯ ನಿರಿಗೆ ಮೇಲೆ ಸಿಕ್ಕಿಸಿ, ಮೈಗೆ ಉಳಿದಿದ್ದ ರೆಕ್ಕೆಯ ಬುಡದ ಮೇಲೆ ಕಾಲಿಡಬೇಕಾದ ಜಾಗದಲ್ಲೇ ಕಾಲಿಟ್ಟು, ಗಾಜಿನ ಹಿಡಿಕೆಯನ್ನು ಹುಡುಕದೆಯೇ ಹಿಡಿದು ಹಿಂದಕ್ಕೆ ಎಳೆದರು. ತುಕ್ಕಿನಿಂದ ಅದು ಅರ್ಧಕ್ಕೇ ನಿಂತಿತು. ದಸ್ತಗೀರಸಾಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

“ನಾ ಇಂಥಾದ್ದರಾಗ ಹಾರೇನಿ” ಎಂದರು ಸುಮಿತ್ರಾಬಾಯಿ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೋದರಮಾವನ ಊರಲ್ಲಿದ್ದು ಬಿ.ಎಸ್ಸಿ. ಮುಗಿಸುವಾಗ ಅಲ್ಲಿನ ಕ್ಲಬ್ಬಿನಲ್ಲಿ ಹಾರಲು ಕಲಿತಿದ್ದರಂತೆ. ಎಂಜಿನ್ ಯಾಕೆ ತಲೆಕೆಳಗು ಎಂಬುದಕ್ಕೂ ಅವರೇ ಉತ್ತರ ಹೇಳಿದರು: ಸಿಲಿಂಡರು ಕೆಳಗೆ ಜೋತರೆ ಪಂಖದ ದಂಡ ಮೇಲಕ್ಕೆ ಹೋಗುತ್ತದೆ, ಪಂಖ ನೆಲದಿಂದ ಎತ್ತರದಲ್ಲಿ ಉಳಿಯುತ್ತದೆ, ಮೂತಿಯ ಬೆನ್ನು ತಗ್ಗಾಗಿ, ಕೂತವನಿಗೆ ಮುಂದಿನದು ಕಾಣುತ್ತದೆ. ನಾನು ಆ ರಾತ್ರಿ ವರದಿಯ ಹಾಳೆಯ ಮುಂದೆ ಕೂತು ಇದನ್ನೇ ಯೋಚಿಸಿದೆ. ಅಷ್ಟು ಭಾರದ ಎಂಜಿನ್ನನ್ನು, ಎಣ್ಣೆ ತಲೆಗಿಳಿಯುವ ಕಷ್ಟವನ್ನೂ ಒಪ್ಪಿಕೊಂಡು, ಬೋರಲು ನಿಲ್ಲಿಸಿದ್ದು ಮನುಷ್ಯನ ಕಣ್ಣಿಗೆ ಅಡ್ಡ ಬರಬಾರದೆಂದು. ಶಕ್ತಿಯು ದೃಷ್ಟಿಗೆ ಇಷ್ಟು ವಿನಯದಿಂದ ದಾರಿ ಬಿಟ್ಟದ್ದನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ. ಹಳದಿಯ ಸೊಬಗು ಬೇರೆ. ಅದಕ್ಕೆ ಗಾಜಿನ ಗೂಡಿಲ್ಲ. ಕಾರಿನಂತೆ ಎರಡು ಬಾಗಿಲು, ತಲೆಯ ಮೇಲೆ ರೆಕ್ಕೆಯ ನೆರಳು, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂಡಬೇಕು. ಅಲ್ಲಿ ಹಾರಾಟವೆಂದರೆ ಹರಟೆ. ಬೆಳ್ಳಿಯದರಲ್ಲಿ ಕಲಿಯುವವನು ಮುಂದೆ, ಕಲಿಸುವವನು ಹಿಂದೆ. ಮುಂದೆ ಕೂತವನಿಗೆ ತನ್ನ ಗುರು ಕಾಣುವುದಿಲ್ಲ, ಆಕಾಶವಷ್ಟೇ ಕಾಣುತ್ತದೆ.

ಆದರೆ ಸುಮಿತ್ರಾಬಾಯಿ ಹೇಳಬೇಕಾದದ್ದು ಅಷ್ಟಕ್ಕೇ ಮುಗಿದಿರಲಿಲ್ಲ. ಎರಡನೆಯ ಸಲ ಬಂದಾಗ, ದಸ್ತಗೀರಸಾಬರು ಹಳೆಯ ಎಣ್ಣೆ ಬಸಿಯುತ್ತಿದ್ದಾಗ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಹೇಳಿದರು.

ಅವರು ಒಬ್ಬರೇ ಹಾರಿದ್ದು ಮೂರು ಸಲ. ಮೂರನೆಯ ಸಲ, ಊರು ದಾಟಿ ಸ್ವಲ್ಪ ದೂರ ಹೋದಮೇಲೆ ವಿಮಾನ ನಡುಗತೊಡಗಿತು. ತಲೆಯ ಮೇಲಿನ ಗಾಜು ಕಟಕಟನೆ ಬಡಿದುಕೊಳ್ಳುವುದು ಎಷ್ಟು ಜೋರಾಯಿತೆಂದರೆ, ಹಾರಿಹೋದೀತೆಂದು ಒಂದು ಕೈಯಿಂದ ಅದರ ಹಿಡಿಕೆ ಹಿಡಿದುಕೊಂಡರು. ಎತ್ತರ ಇಳಿಯುತ್ತಲೇ ಹೋಯಿತು. ಇಳಿದಾಗ ಬೆಂಕಿ ಹತ್ತದಿರಲೆಂದು, ಕಲಿಸಿದ ಪ್ರಕಾರ ಪೆಟ್ರೋಲ್ ತಡೆಯುವ ನಲ್ಲಿಯಂಥ ಕಾಕ್ ಬಂದ್ ಮಾಡಿ, ಗಾಜು ಹಿಂದಕ್ಕೆ ಸರಿಸಿ, ಜೋಳದ ಹೊಲವೊಂದರಲ್ಲಿ ಇಳಿಸಿದರು. ಒಂದು ಗಾಲಿ ಬಾಗಿತು. ಅವರಿಗೆ ಮೂಗಿನ ತುದಿ ತರಚಿತ್ತು, ಅಷ್ಟೆ.

“ಮರುದಿನ ಕ್ಲಬ್ಬಿನವರು ಬಂದು ನೋಡಿದರು. ಕಾಕ್ ಬಂದ್ ಇತ್ತು. ನೀನು ಸುರುವಿನಿಂದಲೇ ಅದನ್ನ ಪೂರಾ ತೆಗೆದಿಲ್ಲ, ಅದು ಸರಕೊಂಡು ಬಂದ್ ಆಗ್ಯದ, ಪೆಟ್ರೋಲ್ ಸಿಗದ ಎಂಜಿನ್ ನಿಂತದ, ಇದು ನಿನ್ನ ತಪ್ಪು ಅಂದರು. ನಾ ಆಮ್ಯಾಲೆ ಬಂದ್ ಮಾಡಿದೆ ಅಂದೆ. ಯಾರೂ ನಂಬಲಿಲ್ಲ. ನಮ್ಮ ಅಪ್ಪಾ ಬಂದು ಕರಕೊಂಡು ಹೋದರು.”

“ಖರೇ ಏನಿತ್ರಿ?” ದಸ್ತಗೀರಸಾಬರು ಕೇಳಿದರು. ಅವರು ಕೇಳಿದ ರೀತಿಯಲ್ಲಿ ಅನುಮಾನವಿರಲಿಲ್ಲ, ಡಾಕ್ಟರು ಎಲ್ಲಿ ನೋವು ಎಂದು ಕೇಳುವ ಹಾಗಿತ್ತು.

ಸುಮಿತ್ರಾಬಾಯಿ ತಮ್ಮ ಅಂಗೈ ನೋಡಿಕೊಂಡರು. “ಅದ ನೋಡ್ರಿ ದಸ್ತಗೀರಸಾಬ್ರ. ಮೊದಲು ನನಗ ಖಾತ್ರಿ ಇತ್ತು. ಹತ್ತು ವರ್ಷ ಆದಮ್ಯಾಲೆ, ಮೊದಲ ಬಂದ್ ಇತ್ತೋ, ನಾ ಆಮ್ಯಾಲೆ ಮಾಡಿದೆನೋ ಅಂತ ಸಂಶಯ ಬಂತು. ಈಗ ಮೂವತ್ತೈದು ವರ್ಷ ಆತು. ಈಗ ನನಗ ನನ್ನ ಮ್ಯಾಲೇ ನಂಬಿಕಿ ಇಲ್ಲ. ಸಾಲ್ಯಾಗ ಹುಡುಗಿಯರು ಲೆಕ್ಕಾ ತಪ್ಪಿದಾಗ ನಾ ಎಂದೂ ಬೈದಿಲ್ಲ, ಇನ್ನೊಮ್ಮೆ ಮಾಡು ಅಂದೇನಿ. ನನಗ ಯಾರೂ ಇನ್ನೊಮ್ಮೆ ಮಾಡು ಅನ್ನಲಿಲ್ಲ.”

ದಸ್ತಗೀರಸಾಬರು ಎಣ್ಣೆಯ ಡಬ್ಬಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡರು. “ದನಿ ನೆನಪೈತೇನ್ರಿ ನಿಮಗ?”

“ದನಿ ಮರ್ತಿಲ್ಲ.”

“ಹಂಗಾರ ಮೂರು ವಾರ ಟೈಮ್ ಕೊಡ್ರಿ. ಈ ಎಂಜಿನ್ನ ಮಾತಾಡಸ್ತೇನಿ.”

ನನ್ನ ವರದಿಗೂ ಎರಡೂ ಎಂಜಿನ್ ನಡೆಸಿ ನೋಡುವುದು ಬೇಕಾಗಿತ್ತು, ಆದರೆ ಆಮೇಲಿನ ಮೂರು ವಾರ ದಸ್ತಗೀರಸಾಬರು ದುಡಿದದ್ದು ವರದಿಗಾಗಿ ಅಲ್ಲವೆಂದು ನನಗೆ ಗೊತ್ತು. ಹಳದಿಯ ಎಂಜಿನ್ ಐದೇ ದಿನಕ್ಕೆ ಗುರುಗುಟ್ಟಿತು. ಬೆಳ್ಳಿಯದು ಹಟ ಮಾಡಿತು. ಅವರು ಅದರ ಒಂದೊಂದು ವಾಲ್ವನ್ನೂ ಬಿಚ್ಚಿ, ತಿಕ್ಕಿ, ಬೆರಳಿನಿಂದ ಜಾರಿಸಿ ನೋಡಿ ಕೂಡಿಸಿದರು. ಗಾಜಿನ ಕೆಲಸ ನಾನು ಹಿಡಿದೆ. ವಿಮಾನದ ಗಾಜೆಂದರೆ ಗಾಜಲ್ಲ, ಬಾಗಿಸಿದ ಪ್ಲಾಸ್ಟಿಕ್ಕು. ವರ್ಷಗಳ ಬಿಸಿಲಿಗೆ ಹಳದಿಗಟ್ಟಿ ಮೈತುಂಬ ಕೂದಲೆಳೆಯ ಬಿರುಕು ಬಿಟ್ಟಿತ್ತು. ನುಣುಪು ಎಮರಿ ಕಾಗದವನ್ನು ನೀರಲ್ಲಿ ತೋಯಿಸಿ, ಒಂದೇ ದಿಕ್ಕಿಗೆ, ಕೈಗೆ ಭಾರ ಕೊಡದೆ ತಿಕ್ಕಬೇಕು. ಸಂಜೆಯ ಹೊತ್ತಿಗೆ ಅಂಗೈಯಗಲದ ಜಾಗ ತಿಳಿಯಾದರೆ ಅದೇ ದೊಡ್ಡದು. ಹಾಗೆ ತಿಳಿಯಾದ ಅಂಗೈಯಗಲದಲ್ಲಿ ಶೆಡ್ಡಿನ ಹೊರಗಿನ ಬೇವಿನ ಗಿಡ ಒಂದು ದಿನ ಒಮ್ಮೆಗೇ ಎಲೆ ಎಲೆಯಾಗಿ ಕಂಡಾಗ, ಎಂಜಿನ್ ಶುರುವಾದಷ್ಟೇ ಸಂತೋಷ ನನಗಾಯಿತು. ಗಾಜು ಜಾರುವ ಹಳಿಯ ತುಕ್ಕು ತೆಗೆದು ಮೇಣ ಸವರಿದೆ. ಗಾಜು ಒಂದು ಬೆರಳಿಗೆ ಸರಿಯತೊಡಗಿತು.

ಒಂದು ರವಿವಾರ ಮುಂಜಾನೆ ಬೆಳ್ಳಿಯ ವಿಮಾನವನ್ನು ಹೊರಗೆ ನೂಕಿ, ಗಾಲಿಗೆ ಕಲ್ಲು ಕೊಟ್ಟು, ಬಾಲಕ್ಕೆ ಹಗ್ಗ ಹಾಕಿ ಎರಡು ಗೂಟಕ್ಕೆ ಕಟ್ಟಿದೆವು. ಹಳೆಯ ಟಾಕಿ ಸೋರುತ್ತಿದ್ದುದರಿಂದ ದಸ್ತಗೀರಸಾಬರು ಹೊರಗೆ ಸ್ಟ್ಯಾಂಡಿನ ಮೇಲೆ ಪೆಟ್ರೋಲಿನ ಡಬ್ಬಿ ಇಟ್ಟು, ಕೊಳವೆ ಜೋಡಿಸಿ, ನಡುವೆ ಕಾಕಿನಂಥ ಒಂದು ತೋಟಿ ಕೂಡಿಸಿದ್ದರು. ಸುಮಿತ್ರಾಬಾಯಿ ಮುಂದಿನ ಸೀಟಿನಲ್ಲಿ, ನಾನು ಹಿಂದಿನದರಲ್ಲಿ. ಗಾಜು ಮುಚ್ಚಿತ್ತು.

“ಮೂರು ಸಲ ಚಾಲೂ ಮಾಡ್ತೇನಿ. ಸಲಕ್ಕೊಂದು ರೋಗ ಹಚ್ಚತೇನಿ. ಯಾವುದಂತ ಹೇಳಂಗಿಲ್ಲ. ಅಕ್ಕೋರ, ನೀವು ಮುಂದ ನೋಡಬ್ಯಾಡ್ರಿ, ಬರೇ ಕೇಳ್ರಿ” ಎಂದರು ದಸ್ತಗೀರಸಾಬರು.

ಮೊದಲ ಸಲ ಎಂಜಿನ್ ಚೆನ್ನಾಗಿ ನಡೆಯಿತು, ಅರ್ಧ ನಿಮಿಷದ ಮೇಲೆ ಎರಡು ಸಲ ಕೆಮ್ಮಿತು, ಆಮೇಲೆ ದೀಪ ಆರಿದಂತೆ ಸದ್ದಿಲ್ಲದೆ ನಿಂತಿತು. ತಲೆಯ ಮೇಲಿನ ಗಾಜು ಅಲುಗಲೂ ಇಲ್ಲ. ಸುಮಿತ್ರಾಬಾಯಿ ತಲೆಯಾಡಿಸಿದರು. “ಇದಲ್ಲ.”

ಎರಡನೆಯ ಸಲ ದನಿ ಸ್ವಲ್ಪ ಕುಗ್ಗಿತು, ಆದರೆ ನಡೆಯುತ್ತಲೇ ಇತ್ತು. “ಇದೂ ಅಲ್ಲ.”

ಮೂರನೆಯ ಸಲ ಪಂಖ ತಿರುಗಿದ ಕೂಡಲೇ ಇಡೀ ವಿಮಾನ ಜ್ವರ ಬಂದಂತೆ ನಡುಗಿತು. ನನ್ನ ಹಲ್ಲುಗಳು ಒಂದಕ್ಕೊಂದು ತಾಗಿದವು. ನಾನು ಅಷ್ಟು ಜತನದಿಂದ ಮೇಣ ಸವರಿದ ಹಳಿಯಲ್ಲಿ ಗಾಜು ಕಟಕಟಕಟ ಎಂದು, ಹಳೆಯ ಬಸ್ಸಿನ ಕಿಟಕಿಗಳೆಲ್ಲ ಒಟ್ಟಿಗೆ ಬಡಿದುಕೊಂಡಂತೆ, ಬಡಿದುಕೊಳ್ಳತೊಡಗಿತು. ಮುಂದಿನ ಸೀಟಿನಲ್ಲಿ ಸುಮಿತ್ರಾಬಾಯಿಯ ಎಡಗೈ ತಾನಾಗಿಯೇ ಮೇಲೆದ್ದು ಗಾಜಿನ ಹಿಡಿಕೆಯನ್ನು ಹಿಡಿದುಕೊಂಡದ್ದು ನನಗೆ ಕಂಡಿತು. ಎಂಜಿನ್ ನಿಲ್ಲಿಸಿದ ಮೇಲೂ ಆ ಕೈ ಅಲ್ಲೇ ಇತ್ತು.

“ಇದ” ಎಂದರು. ಬಹಳ ಮೆಲ್ಲಗೆ.

ದಸ್ತಗೀರಸಾಬರು ಹತ್ತಿರ ಬಂದರು. ಮೊದಲನೆಯ ಸಲ ಪೆಟ್ರೋಲಿನ ತೋಟಿ ಬಂದ್ ಮಾಡಿದ್ದರು. ಎರಡನೆಯ ಸಲ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳಲ್ಲಿ ಒಂದನ್ನು ತಪ್ಪಿಸಿದ್ದರು. ಮೂರನೆಯ ಸಲ ಒಂದು ಸಿಲಿಂಡರಿನ ಕೆಲಸವನ್ನೇ ಪೂರ್ತಿ ನಿಲ್ಲಿಸಿದ್ದರು.

“ಆವತ್ತ ನಿಮ್ಮ ವಿಮಾನದಾಗ ಏನಾತು ಅಂತ ನಾ ಹೇಳಾಕ ಬರಂಗಿಲ್ರಿ ಅಕ್ಕೋರ, ನಾ ಅಲ್ಲಿ ಇರಲಿಲ್ಲ. ಇಂಥಾ ಎಂಜಿನ್ನಿನಾಗ ಎಣ್ಣಿ ಸುಟ್ಟು ಕರಿ ಹಿಡದು ವಾಲ್ವ್ ಅಂಟಿಕೊಂಡಿರಬಹುದು. ಇದರಾಗೂ ಒಂದು ಅಂಟಿತ್ತು, ನಾ ಬಿಡಿಸೇನಿ. ಅದು ‘ಬಹುದು’ ಅನ್ನೂದಷ್ಟ. ಆದರ ಒಂದು ಮಾತು ಖಾತ್ರಿ. ಪೆಟ್ರೋಲ್ ಸಿಗದ ಎಂಜಿನ್ ಸುಮ್ಮನ ಸಾಯ್ತೈತಿ, ನಡುಗಂಗಿಲ್ಲ. ನಿಮ್ಮದು ನಡುಗಿತ್ತು. ನಿಮ್ಮ ಕೈ ಈಗ ಸಾಕ್ಷಿ ಹೇಳ್ತು. ಕಾಕ್ ನೀವು ಆಮ್ಯಾಲೇ ಬಂದ್ ಮಾಡೀರಿ.”

ಸುಮಿತ್ರಾಬಾಯಿ ಗಾಜು ಸರಿಸಿ ಕೆಳಗಿಳಿದರು. ಅಳಲಿಲ್ಲ, ನಗಲಿಲ್ಲ. ಶೆಡ್ಡಿನ ನೆರಳಿನಲ್ಲಿ ಕೂತು ಎರಡು ಕಪ್ ಚಹಾ ಕುಡಿದರು. ಎರಡನೆಯದನ್ನು ಕೇಳಿ ಹಾಕಿಸಿಕೊಂಡರು. ಧಾರವಾಡಕ್ಕೆ ಮರಳುವಾಗ ಬಸ್ಸಿನಲ್ಲಿ ಒಂದೇ ಮಾತಾಡಿದರು. “ನಮ್ಮ ಅಪ್ಪಾ ನನಗ ಒಂದು ಮಾತೂ ಬೈಲಿಲ್ಲ ನೋಡ್ರಿ ಆವತ್ತ. ಬೈದಿದ್ದರ ನಾ ಜಗಳಾ ಆಡ್ತಿದ್ದೆ.”

ಈಗ ನನ್ನ ವರದಿಯ ಕಷ್ಟ ಹೆಚ್ಚಾಯಿತು. ಎಂಜಿನ್ನಿನ ಲೆಕ್ಕದಲ್ಲಿ ಹಳದಿಯೇ ಮೇಲು: ಸರಳ, ಎಣ್ಣೆ ಕಡಿಮೆ ಕುಡಿಯುತ್ತದೆ, ನಮ್ಮ ಹುಡುಗರ ಕೈಗೂ ಬಗ್ಗುತ್ತದೆ. ಗಾಜಿನ ಲೆಕ್ಕದಲ್ಲಿ ಬೆಳ್ಳಿಗೆ ಸಾಟಿಯಿಲ್ಲ. ನಿಜ ಹೇಳುವೆ, ಬೆಳ್ಳಿಯನ್ನು ಕೊಯ್ಯಿರೆಂದು ಬರೆಯಲು ನನ್ನ ಕೈ ಏಳಲಿಲ್ಲ. ಅದು ಆ ಹೆಣ್ಣುಮಗಳ ಪರವಾಗಿ ಸಾಕ್ಷಿ ಹೇಳಿದ ವಿಮಾನ. ಕೆರೆಯ ದಂಡೆಯ ಮೇಲೆ ಸುಮಿತ್ರಾಬಾಯಿಗೆ ಇದನ್ನು ಹೇಳಿದೆ. ಬೆಳ್ಳಿಯನ್ನೇ ಉಳಿಸುತ್ತೇನೆ ಎಂದೆ.

“ಹುಚ್ಚರಂಗ ಮಾಡಬ್ಯಾಡ್ರಿ. ಕೊಯ್ಯಿರಿ ಅದನ್ನ” ಎಂದರು ಅವರು.

“ಅಕ್ಕೋರ—”

“ಹುಡುಗರು ನೋಡಬೇಕಾದ್ದು ಅದರ ಹೊಟ್ಟಿ. ವಾಲ್ವ್ ಎಲ್ಲಿ ಅಂಟತದ, ಯಾಕ ಅಂಟತದ, ಅಂಟಿದರ ಏನಾಗತದ. ಆವತ್ತ ಆ ಕ್ಲಬ್ಬಿನವರು ಕಾಕ್ ನೋಡಿದ್ರು, ಎಂಜಿನ್ ಬಿಚ್ಚಿ ನೋಡಲಿಲ್ಲ. ನಿಮ್ಮ ಹುಡುಗರಾದ್ರೂ ಬಿಚ್ಚಿ ನೋಡಲಿ. ಗಾಜು ಮಾತ್ರ ಕೊಯ್ಯಬ್ಯಾಡ್ರಿ. ಒಳಗ ಕೂತು ನೋಡಲಿ.”

ಹಾಗೆಯೇ ಆಯಿತು. ಗರಗಸ ಹಿಡಿಯುವ ದಿನ ದಸ್ತಗೀರಸಾಬರು ತಾವೇ ಸುಣ್ಣದ ಕಡ್ಡಿಯಿಂದ ಗೆರೆ ಎಳೆದುಕೊಟ್ಟರು, ಗೆರೆ ಎಳೆದು ಹೊರಗೆ ಹೋಗಿ ನಿಂತರು. ಆಮೇಲೆ ವರ್ಷಕ್ಕೊಮ್ಮೆ, ಹೊಸ ಹುಡುಗರು ಬಂದಾಗ, ಸುಮಿತ್ರಾಬಾಯಿ ಹುಬ್ಬಳ್ಳಿಗೆ ಬಂದು ಸೀಳಿದ ಎಂಜಿನ್ನಿನ ಮುಂದೆ ನಿಂತು ಒಂದು ತಾಸು ಪಾಠ ಹೇಳುತ್ತಿದ್ದರು. ಯಾರೋ ಒಬ್ಬ ವಿದ್ಯಾರ್ಥಿನಿ ಎಂದು ಶುರುಮಾಡುತ್ತಿದ್ದರು. ತಾವೇ ಎಂದು ಹೇಳುತ್ತಿದ್ದುದು ಕೊನೆಯ ಐದು ನಿಮಿಷದಲ್ಲಿ.

ಹಳದಿ ತಯಾರಾಗಲು ವರ್ಷಗಳೇ ಹಿಡಿದವು. ರೆಕ್ಕೆಗೆ ಹೊಸ ಅರಿವೆ ಬಿಗಿಯಬೇಕು, ಅದಕ್ಕೆ ಬಣ್ಣದಂಥ ದ್ರಾವಣ ಬಳಿದು ತಮಟೆಯಂತೆ ಬಿಗಿಯಾಗಿಸಬೇಕು. ಒಂದು ವರ್ಷದ ಹುಡುಗರು ಬಿಟ್ಟದ್ದನ್ನು ಮುಂದಿನ ವರ್ಷದವರು ಮಾಡಿದರು. ಎರಡು ಸಾವಿರದ ಇಸವಿ ದಾಟಿತು. ಅದು ಹಾರುವಂತಿರಲಿಲ್ಲ, ಅದಕ್ಕೆ ಬೇಕಾದ ಪರವಾನಗಿ ನಮ್ಮ ಕೈಗೆ ಎಟುಕುವುದಲ್ಲ. ಮೈದಾನದಲ್ಲಿ ನೆಲದ ಮೇಲೆ ಓಡಿಸಿ ತೋರಿಸಲು ಪ್ರಿನ್ಸಿಪಾಲರು ಒಪ್ಪಿದರು. ಓಡಿಸುವವರು ಯಾರೆಂಬ ಪ್ರಶ್ನೆಯೇ ಏಳಲಿಲ್ಲ.

ಸುಮಿತ್ರಾಬಾಯಿಗೆ ಆಗ ಅರವತ್ತೈದು. ಮಂಡಿನೋವು, ದಪ್ಪ ಕನ್ನಡಕ. ಎಡಗಡೆಯ ಬಾಗಿಲಿನಿಂದ ಹತ್ತಿ ಕೂತರು, ನಾನು ಬಲಗಡೆ, ಭುಜಕ್ಕೆ ಭುಜ. ದಸ್ತಗೀರಸಾಬರು ಪಂಖ ತಿರುವಿ ಬದಿಗೆ ಸರಿದರು. ಹಳದಿ ಹುಲ್ಲಿನ ಮೇಲೆ ಹೊರಟಿತು. ಇಂಥ ವಿಮಾನಗಳು ನಿಂತಾಗ ಬಾಲ ನೆಲಕ್ಕೂರಿ, ಮೂತಿ ಮೇಲೆತ್ತಿರುತ್ತವೆ. ಮುಂದೆ ಏನಿದೆಯೆಂದು ಕೂತವರಿಗೆ ಕಾಣುವುದೇ ಇಲ್ಲ, ಬದಿಯಿಂದ ಇಣುಕಿ ಅಂದಾಜು ಮಾಡಬೇಕು. ಎಂಜಿನ್ನಿನ ಮೂತಿ, ಅದರಾಚೆ ಬರೀ ಆಕಾಶ. ಮೊದಲ ಎರಡು ಸುತ್ತು ಮೆಲ್ಲಗೆ ಹೋದೆವು. ಮೂರನೆಯ ಸುತ್ತಿಗೆ ಮೈದಾನದ ಉದ್ದಕ್ಕೆ ತಿರುಗಿದಾಗ ಸುಮಿತ್ರಾಬಾಯಿ ನನ್ನತ್ತ ನೋಡದೆಯೇ ಕೇಳಿದರು.

“ಹೆದರಿಕಿ ಅದ ಏನ್ರಿ ನಿಮಗ?”

“ಐತ್ರಿ.”

“ಇರಬೇಕು” ಎಂದು ಹೇಳಿ, ವೇಗದ ಗುಂಡಿಯನ್ನು ಮುಂದಕ್ಕೆ ನೂಕಿದರು.

ಎಂಜಿನ್ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಿತು. ಎರಡೂ ಕಡೆಯ ಸಿಲಿಂಡರುಗಳು ಒಬ್ಬರ ಸಿಟ್ಟು ಒಬ್ಬರು ನುಂಗಿ, ಒಂದೇ ದನಿಯಾದವು. ಹುಲ್ಲು ಗಾಲಿಗಳ ಕೆಳಗೆ ಜೋರಾಗಿ ಸರಿಯಿತು. ಅವರು ವಿಮಾನ ನಡೆಸುವ ಕೋಲನ್ನು ಬಹಳ ಹಗುರವಾಗಿ ಮುಂದಕ್ಕೆ ಒತ್ತಿದರು, ಮತ್ತು ಹಿಂದೆ ಏನೋ ನೆಲದಿಂದ ಕಳಚಿಕೊಂಡಿತು. ಬಾಲ ಎದ್ದಿತು. ನಮ್ಮ ಮುಂದಿನ ಮೂತಿ ಬಾಗಿ, ಇಡೀ ಮೈದಾನ, ಅದರಾಚೆಯ ಗಿಡಗಳು, ಅವುಗಳಾಚೆಯ ರಸ್ತೆ, ರಸ್ತೆಯ ಮೇಲೆ ನಿಂತು ನೋಡುತ್ತಿದ್ದ ಜನ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದು ನಿಂತವು. ಎರಡು, ಮೂರು ಸೆಕೆಂಡು ಇರಬಹುದು. ಸುಮಿತ್ರಾಬಾಯಿ ವೇಗ ಇಳಿಸಿದರು, ಬಾಲ ತಾನಾಗಿ ಮೆತ್ತಗೆ ನೆಲಕ್ಕೆ ಕೂತಿತು. ಮೈದಾನದ ಕೊನೆಗೆ ನಿಲ್ಲಿಸಿ, ಎಂಜಿನ್ ಆರಿಸಿ, ಪೆಟ್ರೋಲಿನ ಕಾಕ್ ತಿರುವಿ ಬಂದ್ ಮಾಡಿದರು.

ಆಮೇಲೆ ನನ್ನ ಕಡೆ ತಿರುಗಿದರು. “ನೋಡಿದ್ರ್ಯಾ? ಈಗ ಬಂದ್ ಮಾಡಿದೆ” ಎಂದರು.

“ನೋಡಿದೆನ್ರಿ ಅಕ್ಕೋರ” ಎಂದೆ.